ಬಿಳಿಗೋಡೆಯ ಬೂಟು: ಹಸಿ ರಾಳ

"ಈ ಹೊಲಿಗೆ ನಿಮ್ಮದೇ ತಾನೇ, ಯಜಮಾನ್ರೇ?"

ಠಾಣೆಯ ಪಿರ್ಕರ್ ಸಾಹೇಬರು ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಬೂಟನ್ನು ನನ್ನ ಕೆಲಸದ ಮಣೆಯ ಮೇಲೆ ಇಟ್ಟರು. ಬಲಗಾಲಿನದು. ಅದರ ಅಟ್ಟೆ ಮೂತಿಯಿಂದ ನಡುಪಾದದವರೆಗೆ ಕಿತ್ತು ಜೋತುಬಿದ್ದಿತ್ತು.

"ನನ್ನದೇ," ಎಂದೆ. ಬೇರೆ ಏನು ಹೇಳಲಿ? ಹಿಂಟರ್‌ಗ್ರಾಬೆನ್ ಕಣಿವೆಯಲ್ಲಿ ಎರಡು ಸಾಲು ಹೊಲಿಗೆ ಹಾಕುವವನು ನಾನೊಬ್ಬನೇ.

ವಿರ್ಗಿಲ್‌ನ ಶವ ಬಿಳಿಗೋಡೆ ಎನ್ನುವ ಸುಣ್ಣಕಲ್ಲಿನ ಕಡಿದಾದ ಬಂಡೆಯ ಬುಡದಲ್ಲಿ ಸಿಕ್ಕಿದ್ದು ಭಾನುವಾರ ಮಧ್ಯಾಹ್ನ. ಪಿರ್ಕರ್ ಬೂಟು ತಂದದ್ದು ಮಂಗಳವಾರ. ಕಣಿವೆಯ ಬೇಟೆಕಾವಲು ಅವನದಾಗಿತ್ತು, ವಯಸ್ಸು ಮೂವತ್ತನಾಲ್ಕು. ದೀಕ್ಷಾಸ್ನಾನದ ದಿನ ಧರ್ಮಪಿತನಾಗಿ ಅವನನ್ನು ತೋಳಿನಲ್ಲಿ ಎತ್ತಿಕೊಂಡು ನಿಂತವನು ನಾನು. ನನಗೂ ನನ್ನ ಹೆಂಡತಿ ಒಟ್ಟಿಲಿಯಾಗೂ ಮಕ್ಕಳಾಗಲಿಲ್ಲ. ಇದ್ದವನು ಅವನೊಬ್ಬ.

ಪಿರ್ಕರ್ ಒಂದು ಕಾಗದವನ್ನು ಬಿಡಿಸಿ ಓದಿದರು. "ಹೊಲಿಗೆ ಬಿಟ್ಟು ಅಟ್ಟೆ ಕಳಚಿದ ಕಾರಣ ಕಾಲು ಜಾರಿ ಮರಣ. ಕೆಳಗೆ ನಿಮ್ಮ ಸಹಿ. ಬೂಟು ನನ್ನ ಕೆಲಸವೇ ಅಂತ ಒಪ್ಪಿದರೆ ಸಾಕು. ಯಾರೂ ನಿಮ್ಮನ್ನ ಜೈಲಿಗೆ ಹಾಕಲ್ಲ. ಎಪ್ಪತ್ತೊಂದು ವರ್ಷ, ಕಣ್ಣು ಮಂಜಾಗಿದೆ. ಆಗುತ್ತೆ."

"ಶನಿವಾರ ಅವನು ಎತ್ತ ಕಡೆ ಹೋದ ಅಂತ ಯಾರಾದರೂ ಕಂಡಿದಾರಾ, ಸಾಹೇಬ್ರೇ?"

"ನನ್ನನ್ನ ಕೇಳ್ತೀರಾ? ಶನಿವಾರ ಬೆಳಿಗ್ಗೆಯಿಂದ ಕತ್ತಲಾಗೋವರೆಗೆ ಠಾಣೆ ಕುರ್ಚಿ ಬಿಟ್ಟು ಎದ್ದಿಲ್ಲ ನಾನು. ಅಷ್ಟು ಬರೆಯೋದಿತ್ತು." ಅವರು ತಮ್ಮ ಕಾಲನ್ನು ಮುಂದೆ ಚಾಚಿ ನಕ್ಕರು. "ಶುಕ್ರವಾರ ಇದಕ್ಕೂ ನೀವೇ ಅಟ್ಟೆ ಹಾಕಿಕೊಟ್ಟಿದ್ದು. ಇನ್ಮೇಲೆ ಮೆಟ್ಟಿಲು ಹತ್ತೋಕೂ ಭಯ ನನಗೆ."

ನಾನು ನಗಲಿಲ್ಲ.

"ನಾಲ್ಕು ಗಂಟೆಗೆ ಬರ್ತೀನಿ. ಐದರ ಬಸ್ಸಿಗೆ ಕಾಗದ ಹೋಗಬೇಕು. ನಾಳೆ ಮಣ್ಣು ಮಾಡ್ತಾರೆ, ಅಷ್ಟರೊಳಗೆ ಎಲ್ಲ ಮುಗಿದರೆ ಎಲ್ಲರಿಗೂ ಒಳ್ಳೇದು."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡೆ.

ನನ್ನ ಗೋಡೆಯ ತುಂಬ ಮರದ ಅಚ್ಚುಗಳು ನೇತಾಡುತ್ತವೆ. ಕಣಿವೆಯ ಪ್ರತಿಯೊಂದು ಕಾಲಿಗೂ ಒಂದು ಜೊತೆ, ಮೇಲೆ ಹೆಸರು. ಸತ್ತವರ ಅಚ್ಚನ್ನು ನಾನು ಇಳಿಸುವುದಿಲ್ಲ. ಒಂದು ಕರಿದಾರ ಕಟ್ಟಿ ಬಿಡುತ್ತೇನೆ. ಒಟ್ಟಿಲಿಯಾಳ ಅಚ್ಚಿಗೆ ಫೆಬ್ರವರಿಯಲ್ಲಿ, ಮೇಣದಬತ್ತಿಯ ಹಬ್ಬದ ಮಾರನೆಯ ದಿನ, ದಾರ ಕಟ್ಟಿದೆ. ವಿರ್ಗಿಲ್‌ನದಕ್ಕೆ ಇನ್ನೂ ಕಟ್ಟಿರಲಿಲ್ಲ. ಭಾನುವಾರದಿಂದ ದಾರ ಮೂರು ಸಲ ಕೈಗೆ ಬಂದಿತ್ತು, ಮೂರು ಸಲವೂ ಹಿಂದೆ ಇಟ್ಟಿದ್ದೆ.

ನನ್ನ ಕೈ ಅವನನ್ನು ಕೊಂದಿದೆಯೋ ಇಲ್ಲವೋ, ನನಗೆ ಬೇಕಾಗಿದ್ದುದು ಅಷ್ಟೇ. ಅಟ್ಟೆ ಕಿತ್ತು ಬಿದ್ದನಂತೆ ಎಂದು ಭಾನುವಾರ ಸಂಜೆಯೇ ಊರೆಲ್ಲ ಹಬ್ಬಿತ್ತು. ಸೋಮವಾರದ ಬಲಿಪೂಜೆಯಲ್ಲಿ ನಾನು ಪರಮಪ್ರಸಾದಕ್ಕೆ ಎದ್ದು ಹೋಗಲಿಲ್ಲ. ನಲವತ್ತು ವರ್ಷದಲ್ಲಿ ಅದೇ ಮೊದಲು. ಪಕ್ಕದ ಬೆಂಚಿನವರು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು.

ಬೂಟು ಹೊಲಿಯುವವರ ಪಾಲಕ ಸಂತ ಕ್ರಿಸ್ಪಿನರ ಪಟಕ್ಕೆ ಕೈ ಮುಗಿದು ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಭೂತಗನ್ನಡಿ ಹಾಕಿಕೊಂಡೆ.

ಮೊದಲು ದಾರ. ನಾರಿನ ದಾರವನ್ನು ಕರಿರಾಳದಲ್ಲಿ ಅದ್ದಿ ಹೊಲಿಯುತ್ತೇನೆ. ಅದು ಎಳೆತಕ್ಕೆ ಹರಿದರೆ ತುದಿ ಕುಂಚದ ಹಾಗೆ ಬಿಚ್ಚಿಕೊಳ್ಳುತ್ತದೆ. ಈ ಬೂಟಿನ ದಾರದ ತುದಿಗಳು ಬಿಚ್ಚಿರಲಿಲ್ಲ. ಒಂದರ ಪಕ್ಕ ಒಂದು, ಎಲ್ಲ ಒಂದೇ ಓರೆಯಲ್ಲಿ ತುಂಡಾಗಿದ್ದವು.

ಎರಡನೆಯದು ರಾಳ. ಇದು ನಮ್ಮ ಕಸುಬಿನವರಿಗೆ ಮಾತ್ರ ಗೊತ್ತಿರುವ ಸಂಗತಿ. ಹೊಸ ಅಟ್ಟೆ ಹಾಕಿದಾಗ ಅಂಚಿನ ಹೊಲಿಗೆಗೆ ಬಿಸಿ ರಾಳ ಬಳಿಯುತ್ತೇವೆ. ಹತ್ತು ಹನ್ನೆರಡು ದಿನ ಅದು ಹಸಿಯಾಗಿರುತ್ತದೆ. ಆ ದಿನಗಳಲ್ಲಿ ಕಾಲು ಎಲ್ಲಿ ಊರಿತೋ ಅಲ್ಲಿಯ ಮರಳು ಅದರಲ್ಲಿ ಒತ್ತಿ ಹೂತುಕೊಳ್ಳುತ್ತದೆ, ಪದರದ ಮೇಲೆ ಪದರ.

ವಿರ್ಗಿಲ್ ಈ ಬೂಟು ತೆಗೆದುಕೊಂಡು ಹೋದದ್ದು ಶನಿವಾರ ಹನ್ನೊಂದು ಗಂಟೆಗೆ. ಇಲ್ಲೇ ಮೆಟ್ಟಿಕೊಂಡು, ಎರಡು ಸಲ ನೆಲಕ್ಕೆ ಒದ್ದು, "ಇನ್ನು ಐದು ವರ್ಷ ನಿನ್ನ ಮುಖ ನೋಡಬೇಕಾಗಿಲ್ಲ, ಅಜ್ಜ," ಎಂದು ಹೋಗಿದ್ದ.

ಹೊಲಿಗೆಯ ಉದ್ದಕ್ಕೂ ರಾಳದಲ್ಲಿ ಕರಿಪುಡಿ ಹೂತಿತ್ತು. ಅದರ ನಡುವೆ ಕಾಗೆಬಂಗಾರದ ಚೂರುಗಳು ಹೊಳೆಯುತ್ತಿದ್ದವು, ಒಂದೆರಡು ಲಾರ್ಚ್ ಮರದ ಸೂಜಿಯೆಲೆಗಳೂ ಇದ್ದವು. ಕಾಗೆಬಂಗಾರ ಇರುವುದು ಕರಿಹಳ್ಳದಲ್ಲಿ, ಊರಿನ ದಕ್ಷಿಣಕ್ಕೆ. ಬಿಳಿಗೋಡೆ ಇರುವುದು ಉತ್ತರಕ್ಕೆ. ಬಿಳಿಗೋಡೆಯ ನೆತ್ತಿಗೆ ಯಾವ ದಾರಿಯಿಂದ ಹೋದರೂ ಕಡೆಯ ಒಂದು ಗಂಟೆ ಸುಣ್ಣಕಲ್ಲಿನ ಪುಡಿಯಲ್ಲೇ ನಡೆಯಬೇಕು.

ಹೊಲಿಗೆಯಲ್ಲಿ ಬಿಳಿಯ ಒಂದು ಕಣವೂ ಒತ್ತಿ ಕೂತಿರಲಿಲ್ಲ. ಬೂಟಿನ ಮೇಲ್ಚರ್ಮದ ಮೇಲೆ ಬಿಳಿ ಧೂಳಿತ್ತು, ಊದಿದರೆ ಹಾರಿಹೋಯಿತು.

ಕಿತ್ತ ಅಟ್ಟೆಯ ಒಳಗೆ ಬೆರಳು ಹಾಕಿದೆ. ಮರಳಿಲ್ಲದ ಶುಭ್ರ ರಾಳ ಬೆರಳಿಗೆ ಅಂಟಿಕೊಂಡಿತು. ಸಡಿಲವಾದ ಅಟ್ಟೆಯಲ್ಲಿ ಹತ್ತು ಹೆಜ್ಜೆ ನಡೆದಿದ್ದರೂ ಅಲ್ಲಿ ಮರಳು ನುಗ್ಗಿರುತ್ತಿತ್ತು.

ನನ್ನ ಹೊಲಿಗೆ ಬಿಟ್ಟಿರಲಿಲ್ಲ. ಯಾರೋ ಕೊಯ್ದಿದ್ದರು. ಅವನು ಬಿಳಿಗೋಡೆಗೆ ನಡೆದು ಹೋಗಿರಲೂ ಇಲ್ಲ. ಯಾರೋ ಹೊತ್ತುಕೊಂಡು ಹೋಗಿದ್ದರು. ವಿರ್ಗಿಲ್ ಸಣ್ಣ ಆಳು. ಬೆನ್ನು ಗಟ್ಟಿ ಇದ್ದವನಿಗೆ ಎರಡು ಬೆಟ್ಟದಾಡಿನ ತೂಕ, ಅಷ್ಟೇ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹಾಗೆ ಅನ್ನಿಸಿದ್ದಕ್ಕೆ ಆ ಕ್ಷಣವೇ ನಾಚಿಕೆಯಾಯಿತು. ಮಗು ಅಲ್ಲಿ ಚಾಪೆಲ್ಲಿನ ತಣ್ಣನೆಯ ಕಲ್ಲಿನ ಮೇಲೆ ಮಲಗಿದ್ದಾನೆ, ನಾನು ಇಲ್ಲಿ ನನ್ನ ಹೊಲಿಗೆ ಉಳಿಯಿತೆಂದು ಉಸಿರು ಬಿಡುತ್ತಿದ್ದೇನೆ.

ಮತ್ತು ನನ್ನ ಮಾತನ್ನು ನಂಬುವವರು ಯಾರು? ಮುದುಕ ತನ್ನ ಹೆಸರು ಉಳಿಸಿಕೊಳ್ಳಲು ಮರಳು ತೋರಿಸುತ್ತಾನೆ ಅಂದಾರು.

* * *

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಬುರ್ಗಾ ಬಂದಳು. ವಿರ್ಗಿಲ್‌ನ ಹೆಂಡತಿ. ಹೊಸಿಲು ದಾಟಲಿಲ್ಲ. ಕರವಸ್ತ್ರದ ಗಂಟೊಂದನ್ನು ಚಾಚಿದಳು.

"ಮಾವ, ಅವರನ್ನ ತೊಳೆಯುವಾಗ ಇದು ಬಾಯಲ್ಲಿತ್ತು. ಹಲ್ಲಿನ ನಡುವೆ. ಬೀಳುವಾಗ ಗಿಡ ಕಚ್ಚಿರಬೇಕು, ಬಿಸಾಕು ಅಂದ್ರು ಪಿರ್ಕರ್. ನನಗೆ ಬಿಸಾಕೋಕೆ ಕೈ ಬರಲಿಲ್ಲ."

ಗಂಟಿನಲ್ಲಿ ಬೆರಳುದ್ದದ ಪೈನ್ ಚಿಗುರು.

"ಬುರ್ಗಾ, ಹೊಲಿಗೆ…" ಎಂದೆ.

"ಹೊಲಿಗೆ ವಿಷಯ ಈಗ ಬೇಡ ಮಾವ." ಅವಳು ಹೊರಟಳು. ಮೂರು ಹೆಜ್ಜೆ ಹೋಗಿ ತಿರುಗಿ, "ಏನಾದರೂ ತಿನ್ನಿ," ಅಂದಳು.

ಬಿಳಿಗೋಡೆಯ ಬುಡದಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಇನ್ನು ಪೈನ್ ಎಲ್ಲಿ?

ಇದು ಏನೆಂದು ನಮ್ಮ ಕಣಿವೆಯ ಚಿಕ್ಕ ಮಗುವಿಗೂ ಗೊತ್ತು, ಬಯಲುಸೀಮೆಯಿಂದ ಬಂದ ಪಿರ್ಕರ್‌ಗೆ ಗೊತ್ತಿಲ್ಲದಿರಬಹುದು. ಬೇಟೆಗಾರ ಪ್ರಾಣಿಯನ್ನು ಹೊಡೆದ ಮೇಲೆ ಟೋಪಿ ತೆಗೆದು ಒಂದು ಹಸಿರು ಚಿಗುರನ್ನು ಮುರಿದು ಅದರ ಬಾಯಿಗೆ ಇಡುತ್ತಾನೆ. ಕೊನೆಯ ತುತ್ತು. ದೇವರು ಕೊಟ್ಟ ಜೀವಕ್ಕೆ ಕೊಡುವ ಮರ್ಯಾದೆ. ಅದನ್ನು ಇಡುವವನು ಕೊಂದವನೇ.

ಕೊಂದ ಕೈಗೆ ಅಭ್ಯಾಸ ತಪ್ಪಿರಲಿಲ್ಲ ಎಂದುಕೊಂಡೆ. ಅಂದರೆ ಕೊಂದವನು ಬೇಟೆಗಾರ, ಮತ್ತು ನಮ್ಮವನೇ.

ಮೂರೂವರೆಗೆ ಬಾಗಿಲು ತಟ್ಟಿದವನು ಕ್ರಿಸಾಂತ್ ಲುಗ್ಗರ್.

* * *

ಪಕ್ಕದ ಕಾಡಿನ ಕಾವಲುಗಾರ ಅವನು. ವಿರ್ಗಿಲ್‌ನಿಗೆ ಸಿಕ್ಕ ಕೆಲಸ ತನಗೆ ಸಿಗಬೇಕಿತ್ತೆಂದು ಆರು ವರ್ಷದಿಂದ ಹೋಟೆಲಿನ ಮೇಜು ಗುದ್ದಿಕೊಂಡು ಬಂದವನು. ಅಗಲ ಬೆನ್ನು. ಕಾಲಲ್ಲಿ ಚರ್ಚಿಗೆ ಹಾಕುವ ಕರಿ ಪಾದರಕ್ಷೆ, ಬೆನ್ನಲ್ಲಿ ಚೀಲ.

"ಅಜ್ಜ, ನನಗೊಂದು ಜೊತೆ ಹೊಸ ಬೂಟು ಬೇಕು. ಬೇಗ ಬೇಕು."

ಸೆಪ್ಟೆಂಬರಿನಲ್ಲಿ! ಬೇಟೆಯ ಋತು ನಡೆಯುವಾಗ ಹೊಸ ಬೂಟು ಮೆಟ್ಟುವ ಹುಚ್ಚನನ್ನು ನಾನು ಕಂಡಿಲ್ಲ. ಹೊಸ ಬೂಟನ್ನು ಈಸ್ಟರಿಗೆ ಹೊಲಿಸಿ, ಬೇಸಿಗೆಯೆಲ್ಲ ಹುಲ್ಲು ಕೊಯ್ಯುತ್ತ ಕಾಲಿಗೆ ಪಳಗಿಸಿ, ಆಮೇಲೆ ಬಂಡೆಗೆ ತರುತ್ತಾರೆ.

"ಕೂತುಕೋ," ಎಂದೆ. ಕಾಫಿ ಒಲೆಯ ಮೇಲಿತ್ತು. ನನ್ನ ಲೋಟ ಒಂದೇ ಮೇಜಿನ ಮೇಲಿತ್ತು; ಏಳು ತಿಂಗಳಿಂದ ಅಷ್ಟೇ ಇರುವುದು. ಮೊಳೆಯಲ್ಲಿ ನೇತಾಡುತ್ತಿದ್ದ ಒಟ್ಟಿಲಿಯಾಳ ನೀಲಿ ಪಟ್ಟೆಯ ಲೋಟವನ್ನು ಇಳಿಸಿದೆ. ಅವನು ಬೇಗ ಏಳಬಾರದು, ನನಗೆ ಅಷ್ಟು ಬೇಕಿತ್ತು. ಧೂಳು ತೊಳೆದು, ಕಾಫಿ ಬಗ್ಗಿಸಿ ಅವನ ಮುಂದಿಟ್ಟೆ. ಅವನ ಅಚ್ಚು ಗೋಡೆಯ ಮೇಲಿದ್ದರೂ, ಪಾದರಕ್ಷೆ ಬಿಚ್ಚಿಸಿ, ಕಾಗದ ಹಾಸಿ ಅವನನ್ನು ಅದರ ಮೇಲೆ ನಿಲ್ಲಿಸಿದೆ.

"ಎಲ್ಲಿ ನಡೆಯೋಕೆ ಬೇಕು?"

"ಎಲ್ಲೋ ಒಂದು ಕಡೆ. ಬೆಟ್ಟಕ್ಕೆ."

"ಯಾವ ಬೆಟ್ಟಕ್ಕೆ ಅಂತ ತಿಳಿಯದೆ ಬೂಟು ಹೊಲಿಯೋಕೆ ಆಗಲ್ಲ ಕಣೋ. ಹುಲ್ಲಿನ ಇಳಿಜಾರಾದರೆ ಅಟ್ಟೆ ಬಾಗಬೇಕು. ಬಂಡೆಯ ಅಂಚಾದರೆ ಬಾಗಬಾರದು. ಬೆನ್ನ ಮೇಲೆ ಭಾರ ಹೊತ್ತು ಇಳಿಯೋನಿಗೆ ಕಣಕಾಲಿನ ಮೇಲೆ ನಾಲ್ಕು ಬೆರಳು ಎತ್ತರ ಬೇಕು." ಪೆನ್ಸಿಲನ್ನು ಅವನ ಪಾದದ ಸುತ್ತ ಎಳೆದೆ. "ಭಾರ ಹೊರ್ತೀಯಾ?"

"ಯಾವ ಭಾರ?"

"ಆಡೋ, ಹೋತವೋ. ಏನೋ ಒಂದು."

ಅವನ ಕಾಲ್ಬೆರಳುಗಳು ಕಾಗದದ ಮೇಲೆ ಮುದುರಿಕೊಂಡವು.

"ಮೇಲ್ಚರ್ಮ ಒಂದೇ ತುಂಡಿಂದ ಮಾಡ್ತೀನಿ. ಹೊಲಿಗೆ ಕಡಿಮೆ ಇದ್ದಷ್ಟೂ ನೀರು ನುಗ್ಗೋ ಜಾಗ ಕಡಿಮೆ. ಅಟ್ಟೆ ಎರಡು ಸಾಲು ಹೊಲಿಗೆ. ಸವೆದರೆ ಬಿಚ್ಚಿ ಇನ್ನೊಂದು ಹಾಕಬಹುದು, ನಾಲ್ಕು ಸಲ, ಐದು ಸಲ."

"ಅಂಟಿಸಿದ ಅಟ್ಟೆ ಸಾಕು."

ನಾನು ಪೆನ್ಸಿಲ್ ಕೆಳಗಿಟ್ಟೆ. "ಏನಂದೆ?"

"ಪಟ್ಟಣದಲ್ಲಿ ಮಾರ್ತಾರಲ್ಲ, ಅಂಟಿಸಿದ್ದು. ಅದೇ ಸಾಕು. ಹೊಲಿದ ಅಟ್ಟೆ ಏನು ಮಾಡುತ್ತೆ ಅಂತ ಊರೆಲ್ಲ ನೋಡ್ತಲ್ಲ."

"ನಿನ್ನಪ್ಪನ ಬೂಟಿಗೆ ನಾನು ಆರು ಸಲ ಅಟ್ಟೆ ಹಾಕಿದೀನಿ. ಅದನ್ನೇ ನೀನು ಹದಿನೆಂಟಕ್ಕೆ ಮೆಟ್ಟಿದೆ. ಆಮೇಲೆ ನಿನಗೆ ಅಂತ ಹೊಲಿದದ್ದಕ್ಕೆ ಎರಡು ಸಲ ಹಾಕಿದೀನಿ. ಕಡೇದು ಹೋದ ವರ್ಷ. ಇನ್ನೂ ಮೂರು ವರ್ಷ ಬಾಳೋ ಬೂಟು. ಎಲ್ಲಿದೆ ಅದು?"

"ಹೊಳೆ ದಾಟುವಾಗ ಹೋಯ್ತು."

"ಎರಡೂ?"

"ಎರಡೂ."

"ಹೊಳೆಗೆ ಚೆನ್ನಾಗಿ ಬುದ್ಧಿ ಇದೆ. ಜೊತೆ ನೋಡಿ ತಗೊಂಡು ಹೋಗಿದೆ." ನಾನು ಎದ್ದು ಅವನ ಚೀಲದ ಮೇಲೆ ಕೈ ಇಟ್ಟೆ. ಐವತ್ತೈದು ವರ್ಷ ಬೂಟು ಹಿಡಿದ ಕೈ ಇದು. ಬಟ್ಟೆಯ ಮೇಲಿಂದಲೇ ಹಿಮ್ಮಡಿ ಸಿಕ್ಕಿತು. "ಮತ್ತೆ ಇದೇನು, ರೊಟ್ಟಿನಾ?"

"ಮುಟ್ಟಬೇಡಿ ಅಜ್ಜ!"

"ತೆಗಿ."

"ನನ್ನ ಸಾಮಾನು ಅದು."

"ತೆಗಿಯೋ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಬುರ್ಗಾಳ ಕರವಸ್ತ್ರವನ್ನು ಬಿಚ್ಚಿ ಚಿಗುರನ್ನು ಅವನ ಮುಂದೆ ಇಟ್ಟೆ. "ಇದು ಅವನ ಬಾಯಲ್ಲಿತ್ತು. ಕೊಂದವನು ತಾನೇ ಕೊನೆ ತುತ್ತು ಇಡೋದು? ನಿನ್ನ ಕೈಯಲ್ಲವಾ ಇದನ್ನ ಮುರಿದದ್ದು?"

ಅವನು ಆ ಚಿಗುರನ್ನು ನೋಡಿದ. ಕಾಲುಚೀಲದಲ್ಲೇ, ನನ್ನ ಪೆನ್ಸಿಲಿನ ಗೆರೆಯೊಳಗೇ ನಿಂತಿದ್ದ. ಮುಖ ಮಕ್ಕಳ ಮುಖದ ಹಾಗೆ ಸೊಟ್ಟಗಾಯಿತು.

"ನನ್ನದೇ," ಎಂದ.

ನಾನು ಗೋಡೆಗೆ ಒರಗಿಕೊಂಡೆ.

"ಮುರಿದದ್ದು ನಾನು. ಕೊಂದದ್ದು ನಾನಲ್ಲ. ಭಾನುವಾರ ಬೆಳಕು ಹರಿಯುವಾಗ ಬಿಳಿಗೋಡೆ ಬುಡಕ್ಕೆ ಹೋಗಿದ್ದೆ. ಬಂದೂಕು ತಗೊಂಡು. ಅವನ ಗಡಿಯೊಳಗೆ. ಕಳ್ಳಬೇಟೆ, ಹೌದು, ಹೇಳಿಬಿಟ್ಟೆ. ಒಂದು ಮುದಿ ಹೋತದ ಬೆನ್ನು ಹತ್ತಿದ್ದೆ. ಅಲ್ಲಿ ಇವನು ಬಿದ್ದಿದ್ದ. ತಣ್ಣಗಾಗಿದ್ದ. ಫಾದರ್ ಇಲ್ಲ, ಎಣ್ಣೆ ಇಲ್ಲ, ದೀಪ ಇಲ್ಲ. ನನಗೆ ಒಂದು ಪ್ರಾರ್ಥನೆ ಕೂಡ ಪೂರ್ತಿ ನೆನಪಾಗಲಿಲ್ಲ ಅಜ್ಜ. ಹಾಗೇ ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ. ಟೋಪೀಲಿ ಸಿಕ್ಕಿಸಿಕೊಂಡಿದ್ದ ಪೈನ್ ಮುರಿದು ಇಟ್ಟೆ. ನನಗೆ ಗೊತ್ತಿರೋ ಮರ್ಯಾದೆ ಅದೊಂದೇ."

ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಆಮೇಲೆ?"

"ಆಮೇಲೆ ಹೈನಿನ ಮನೆ ಹೆಂಗಸಿಗೆ, ಗೋಡೆ ಕಡೆ ಕಾಗೆ ಸುತ್ತುತಿವೆ ಅಂದೆ. ಅವಳು ಠಾಣೆಗೆ ಹೇಳಿಕಳಿಸಿದಳು. ನಾನು ಹೇಳೋಕೆ ಆಗುತ್ತಾ? ಆರು ವರ್ಷ ಅವನನ್ನ ಬೈಕೊಂಡು ಓಡಾಡಿದೀನಿ. ಬೇರೆ ಯಾರೂ ಬರೋ ಮುಂಚೆಯೇ ಅವನ ಸುತ್ತ ಬಿಳಿ ಪುಡೀಲಿ ನನ್ನ ಬೂಟಿನ ಗುರುತು. ಯಾರು ನಂಬ್ತಾರೆ?" ಚೀಲದಿಂದ ಬೂಟು ತೆಗೆದು ನೆಲಕ್ಕೆ ಹಾಕಿದ. "ಇದನ್ನ ಸುಡೋಕೆ ಎರಡು ಸಲ ಒಲೆ ಹತ್ತಿರ ಹೋದೆ. ಅಪ್ಪ ಎದುರಿಗೆ ನಿಂತ ಹಾಗಾಯ್ತು. ಬೂಟು ಸುಡೋಕೆ ಆಗಲ್ಲ."

ಅವನ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಆದರೆ ಅಲ್ಲಿಯವರೆಗೆ ನಾನು ಮಾಡಿದ ಲೆಕ್ಕದಲ್ಲಿ ಒಂದು ತಪ್ಪಿತ್ತು. ಕೊಂದವನು ಮಾತ್ರ ಕೊನೆಯ ತುತ್ತು ಇಡುತ್ತಾನೆ ಎಂದುಕೊಂಡಿದ್ದೆ. ದಿಕ್ಕು ತೋಚದ ಮನುಷ್ಯನೂ ಇಡಬಹುದು ಎಂದು ಹೊಳೆದಿರಲಿಲ್ಲ.

"ಅವನ ಬಲಗಾಲಿನ ಅಟ್ಟೆ ಹೇಗೆ ಕಿತ್ತಿತ್ತು? ಪೂರ್ತಿಯಾ, ಅರ್ಧವಾ?"

ಕ್ರಿಸಾಂತ್ ನನ್ನನ್ನು ನೋಡಿದ. "ಅದೇ ನನಗೂ ಅರ್ಥವಾಗ್ತಿಲ್ಲ ಅಜ್ಜ. ಊರೆಲ್ಲ ಅಟ್ಟೆ ಅಟ್ಟೆ ಅಂತಾರೆ. ನಾನು ಅವನ ಕಾಲು ಎರಡನ್ನೂ ಜೋಡಿಸಿ ನೇರ ಮಾಡಿ ಮಲಗಿಸಿದೆ. ಹಿಮ್ಮಡಿ ಹಿಡಿದು, ಹೀಗೆ. ಎರಡು ಅಟ್ಟೆನೂ ಸರಿಯಾಗೇ ಇತ್ತು. ಹೊಸದು. ಹೊಟ್ಟೆಕಿಚ್ಚಾಯ್ತು ನನಗೆ, ಆ ಹೊತ್ತಲ್ಲೂ."

ಮೊಳೆಗಳ ಡಬ್ಬಿಯ ಮೇಲೆ ಒಂದು ನೊಣ ನಡೆಯುತ್ತಿತ್ತು.

"ಕ್ರಿಸಾಂತ್, ಹೆಣ ಇಳಿಸೋಕೆ ಹೋದವರು ಎಷ್ಟು ಜನ?"

"ನಾಲ್ಕು. ನಾನೂ ಒಬ್ಬ. ಚಟ್ಟ ಹಿಡಿದಿದ್ದು ಎಡಗಡೆ. ಮೂರು ಗಂಟೆಗೆ ತಲುಪಿದ್ವಿ. ಅಷ್ಟೊತ್ತಿಗೆ ಕಂಬಳಿ ಹೊದಿಸಿಬಿಟ್ಟಿದ್ದರು."

"ಯಾರು?"

"ಪಿರ್ಕರ್. ಅವರು ಒಬ್ಬರೇ ಮುಂಚೆ ಬಂದಿದ್ದರಲ್ಲ, ಮಧ್ಯಾಹ್ನಕ್ಕೇ."

ಅವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ಬಾಯಿ ಅರ್ಧ ತೆರೆದೇ ಉಳಿಯಿತು.

ಮಧ್ಯಾಹ್ನದಿಂದ ಪೂರ್ತಿ ಮೂರು ತಾಸು ಹೆಣದ ಜೊತೆ ಒಬ್ಬರೇ.

ನಾನು ಅವನ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದೆ. ಏನಾದರೂ ಮಾಡಬೇಕಿತ್ತು, ಅದಕ್ಕೆ. ಅಷ್ಟರಲ್ಲಿ ಚರ್ಚಿನ ಗಂಟೆ ನಾಲ್ಕು ಹೊಡೆಯಿತು. ಅದರ ಹಿಂದೆಯೇ ಬೀದಿಯ ಕಲ್ಲಿನ ಮೇಲೆ ಹೆಜ್ಜೆ. ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿದವನು ನಾನೇ; ಆ ಸದ್ದು ಯಾರದೆಂದು ನನಗೆ ಯಾರೂ ಹೇಳಬೇಕಾಗಿಲ್ಲ.

"ಒಳಗೆ ಹೋಗು," ಎಂದೆ. "ಚರ್ಮದ ಕೋಣೆಗೆ. ಬೂಟು, ಪಾದರಕ್ಷೆ ಎಲ್ಲ ತಗೊಂಡು. ಕೆಮ್ಮಬೇಡ."

* * *

"ಸಹಿ ಆಯ್ತಾ ಯಜಮಾನ್ರೇ?"

"ಆಗುತ್ತೆ, ಕೂತುಕೊಳ್ಳಿ ಸಾಹೇಬ್ರೇ. ಒಂದು ಮಾತು." ನನ್ನ ದನಿ ನಡುಗಲಿಲ್ಲ. ಅದಕ್ಕೆ ಮಾತೆ ಮರಿಯಮ್ಮನಿಗೆ ಇವತ್ತಿಗೂ ಕೃತಜ್ಞ. "ನಿಮ್ಮ ಬೂಟಿಗೂ ಅದೇ ವಾರ ಅಟ್ಟೆ ಹಾಕಿದ್ದು. ಅದೇ ದಾರ, ಅದೇ ರಾಳ. ಒಂದು ಸಲ ನೋಡಿಬಿಡ್ತೀನಿ. ನನ್ನ ಕೈಯಿಂದ ಇನ್ನೊಬ್ಬರು ಬೀಳೋದು ಬೇಡ."

ಅವರಿಗೆ ಸಮಾಧಾನವಾಯಿತು. ನಾನು ಸೋತೆನೆಂದು ತಿಳಿದರು. "ಈಗ ಸರಿಯಾದ ಮಾತು ಆಡಿದ್ರಿ," ಎಂದು ಗ್ರಾಹಕರ ಕುರ್ಚಿಯಲ್ಲಿ ಕೂತು ಲೇಸು ಬಿಚ್ಚಿ ಬಲಗಾಲಿನ ಬೂಟನ್ನು ನನ್ನ ತೊಡೆಯ ಮೇಲೆ ಇಟ್ಟರು. ಅದು ಇನ್ನೂ ಬೆಚ್ಚಗಿತ್ತು.

ಭೂತಗನ್ನಡಿ ಹಾಕಿಕೊಂಡು ಬೂಟನ್ನು ಕಿಟಕಿಯ ಕಡೆ ತಿರುಗಿಸಿದೆ.

ಹೊಲಿಗೆಯ ರಾಳದಲ್ಲಿ ಬಿಳಿ ಪುಡಿ ಒತ್ತಿ ಕೂತಿತ್ತು. ಅದು ಇರಲೇಬೇಕು; ಭಾನುವಾರ ಅವರು ಬಿಳಿಗೋಡೆಗೆ ಹೋದದ್ದನ್ನು ಊರೇ ಕಂಡಿದೆ. ಉಗುರಿನಿಂದ ಆ ಬಿಳಿಯನ್ನು ಮೆಲ್ಲಗೆ ಕೆರೆದೆ.

ಕೆಳಗೆ ಕರಿ. ಕರಿಯ ನಡುವೆ ಕಾಗೆಬಂಗಾರ ಹೊಳೆಯಿತು. ಒಂದು ಲಾರ್ಚ್ ಸೂಜಿ ರಾಳದಲ್ಲಿ ಅಡ್ಡ ಮಲಗಿತ್ತು.

ಈ ಬೂಟು ಶುಕ್ರವಾರ ಸಂಜೆ ನನ್ನ ಕೈಯಿಂದ ಹೋಗಿತ್ತು. ಭಾನುವಾರದ ಬಿಳಿಯ ಕೆಳಗೆ ಉಳಿದದ್ದು ಒಂದೇ ಒಂದು ದಿನ, ಕುರ್ಚಿ ಬಿಟ್ಟು ಎದ್ದಿಲ್ಲ ಎಂದ ಆ ಶನಿವಾರ.

"ಏನು ಯಜಮಾನ್ರೇ, ಹೊಲಿಗೆ ಗಟ್ಟಿ ಇದೆಯಾ?"

"ಗಟ್ಟಿ ಇದೆ," ಎಂದೆ. ತಲೆ ಎತ್ತಲಿಲ್ಲ. ನನ್ನ ಕಣ್ಣು ನೋಡಿದರೆ ಅವರಿಗೆ ಗೊತ್ತಾಗುತ್ತಿತ್ತು.

ಕುರ್ಚಿ ಕಿರುಗುಟ್ಟಿತು. ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಬರಿ ಕಾಲುಚೀಲ, ಅವರು ಎದ್ದು ಮೇಜಿನ ಹತ್ತಿರ ಹೋದ ಸದ್ದು ಕೇಳಿಸಿತು.

"ಒಟ್ಟಿಲಿಯಮ್ಮ ಹೋದ ಮೇಲೆ ಈ ಮನೇಲಿ ಒಂದೇ ಲೋಟ ಅಲ್ವಾ ಇಳಿಯೋದು? ಊರೆಲ್ಲ ಹೇಳ್ತಾರೆ, ಪಾಪ ಮುದುಕ, ಎರಡನೇ ಲೋಟ ಮುಟ್ಟೋದೇ ಇಲ್ಲ ಅಂತ."

ನಾನು ತಲೆ ಎತ್ತಿದೆ.

ಅವರು ನೀಲಿ ಪಟ್ಟೆಯ ಲೋಟದ ಮೇಲೆ ಅಂಗೈ ಹಿಡಿದು ನಿಂತಿದ್ದರು. ಬೆರಳುಗಳ ಸಂದಿಯಿಂದ ಹಬೆ ಏಳುತ್ತಿತ್ತು. ಅವರ ಕಣ್ಣು ಚರ್ಮದ ಕೋಣೆಯ ಬಾಗಿಲ ಮೇಲಿತ್ತು.